ಮೂರು ಪೇಟ, ಒಂದು ತಲೆ

ಕೆಂಚನಗಡದ ದೊರೆ ಭೈರಭೂಪನಿಗೆ ತನ್ನ ನ್ಯಾಯದ ಬಗ್ಗೆ ವಿಪರೀತ ಹೆಮ್ಮೆ.

"ಅರಮನೆಯಲ್ಲಿ ಕೆಲಸ ಕಳೆದುಕೊಂಡವನು ನೇರ ನನ್ನ ಹತ್ತಿರ ಬರುವಂತಿಲ್ಲ. ಮೊದಲು ತೆಗೆದುಹಾಕಿದವನನ್ನೇ ಕೇಳಬೇಕು. ಆಮೇಲೆ ಅವನ ಮೇಲಿನವನನ್ನು, ಆಮೇಲೆ ಅವನಿಗೂ ಮೇಲಿನವನನ್ನು. ಮೂವರೂ ಆಗದು ಎಂದಮೇಲೆ ನನ್ನ ನ್ಯಾಯಸಭೆ!"

ಪಾಪ, ಮಾವುತ ಕರಿಯಣ್ಣ ಇದನ್ನು ನಂಬಿದ. ಪಟ್ಟದಾನೆ ತನಗೆ ಸೊಂಡಿಲೆತ್ತಿ ನಮಸ್ಕರಿಸಲಿಲ್ಲವೆಂದು ಪಾರುಪತ್ಯಗಾರ ವಾಸಪ್ಪಯ್ಯ ಅವನನ್ನು ಕೆಲಸದಿಂದ ಕಿತ್ತುಹಾಕಿದ್ದ. ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ. ಕರಿಯಣ್ಣ ಹೋಗಿ ಅವನ ಕಾಲಿಗೇ ಬಿದ್ದ.

"ಆಗದು," ಎಂದ ಕೆಂಪು ಪೇಟದ ವಾಸಪ್ಪಯ್ಯ. "ಬೇಕಾದರೆ ಮೇಲಿನವರನ್ನು ಕೇಳು."

"ಅವರು ಯಾರು ಬುದ್ಧಿ?"

ವಾಸಪ್ಪಯ್ಯ ಪಕ್ಕದ ಮಣೆಗೆ ಜರುಗಿ ಹಳದಿ ಪೇಟ ಇಟ್ಟುಕೊಂಡ. "ನಾನೇ. ಕೆಂಪು ಪೇಟದವರು ಬಲು ಯೋಗ್ಯರು. ಅವರು ಮಾಡಿದ್ದು ಸರಿಯಾಗಿದೆ."

ಮೂರನೆಯ ಮಣೆಯಲ್ಲಿ ಬಿಳಿ ಪೇಟ ಇಟ್ಟು ಕೂತವನೂ ಅವನೇ. ಅವನು ಮಾತ್ರ ಆಗದು ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. "ಹಳದಿ ಪೇಟದವರ ಹತ್ತಿರ ವಿಚಾರಿಸಬೇಕು. ಅವರು ಕೈಗೆ ಸಿಗುತ್ತಿಲ್ಲ."

ಮೂರನೆಯ 'ಆಗದು' ಬಾರದೆ ದೊರೆಯ ಬಾಗಿಲು ತೆರೆಯದು. ಕರಿಯಣ್ಣ ಅಳುತ್ತಾ ಆಸ್ಥಾನದ ಜಾಣ ಲಿಂಗರಸನ ಮನೆಗೆ ಓಡಿದ. "ವಿಜಯದಶಮಿಯ ದಿನ ಬನ್ನಿಮರದ ಹತ್ತಿರ ನಿಂತಿರು. ನಾನು ಕರೆಯುವತನಕ ಉಸಿರೆತ್ತಬೇಡ," ಎಂದ ಲಿಂಗರಸ.

ಆ ದಿನ ಪಟ್ಟದಾನೆ ದೊರೆಯನ್ನು ಸೊಂಡಿಲಲ್ಲಿ ಎತ್ತುವುದು, ದೊರೆ ಬನ್ನಿ ಎಲೆ ಕೀಳುವುದು ಅಲ್ಲಿನ ವಾಡಿಕೆ. ಮರ ಕಂಡೊಡನೆ ಆನೆ ತಾನಾಗಿಯೇ ಎತ್ತಿತು. ದೊರೆ ಎಲೆ ಕಿತ್ತ. ಜನ ಜಯಕಾರ ಹಾಕಿದರು. ಆದರೆ ಆನೆ ಇಳಿಸಲಿಲ್ಲ. ಇಳಿಸು ಎಂದು ಹೇಳುವುದು ಮಾವುತನ ಕೆಲಸ.

"ಲಿಂಗರಸ, ಏನಾದರೂ ಮಾಡಯ್ಯಾ!" ದೊರೆ ಗಾಳಿಯಲ್ಲಿ ಕಾಲು ಬಡಿದ.

"ಕ್ರಮ ತಪ್ಪಬಾರದು ಪ್ರಭು. ಮೊದಲು ಎತ್ತಿದವರನ್ನೇ ಕೇಳಿ."

ದೊರೆ ಕೈಮುಗಿದು ಆನೆಯನ್ನು ಬೇಡಿಕೊಂಡ. ಆನೆ ಇನ್ನೂ ಒಂದು ಮೊಳ ಮೇಲೆತ್ತಿತು.

"ಇದರ ಮೇಲಿನವನು ಯಾರಯ್ಯಾ?"

"ಮಾವುತ. ಅವನನ್ನು ತೆಗೆದುಹಾಕಿದ್ದಾರೆ. ಅವನ ಅಹವಾಲು ಬಿಳಿ ಪೇಟದವರ ಹತ್ತಿರ ಇದೆ. ಅವರು ಹಳದಿ ಪೇಟದವರನ್ನು ಹುಡುಕುತ್ತಿದ್ದಾರೆ."

"ಎಲ್ಲಿ ಹಾಳಾಗಿ ಹೋದರು ಅವರಿಬ್ಬರೂ?"

ಲಿಂಗರಸ ಗುಂಪಿನಲ್ಲಿ ಕೆಂಪು ಪೇಟ ಇಟ್ಟು ನಿಂತಿದ್ದ ವಾಸಪ್ಪಯ್ಯನತ್ತ ಬೆರಳು ಮಾಡಿದ. "ಅಗೋ, ಕೆಂಪು ಪೇಟದವರ ಒಳಗೇ ಇದ್ದಾರೆ."

ದೊರೆಗೆ ಎಲ್ಲ ಅರ್ಥವಾಯಿತು. "ಮೂರು ಪೇಟಕ್ಕೂ ತಲೆ ಒಂದೇ ಆದರೆ ಯಾರೂ ಮೂರು ಸಲ ಕೇಳಬೇಕಿಲ್ಲ, ನೇರ ನನ್ನ ಹತ್ತಿರ ಬರಲಿ! ಮಾವುತನ ಕೆಲಸ ಮಾವುತನಿಗೇ! ವಾಸಪ್ಪಯ್ಯನನ್ನು ತೆಗೆದುಹಾಕಿದ್ದೇನೆ!"

ಲಿಂಗರಸ ಕರೆದ. ಕರಿಯಣ್ಣ ಮುಂದೆ ಬಂದು ಒಂದು ಮಾತು ಹೇಳಿದ್ದೇ ಆನೆ ದೊರೆಯನ್ನು ಮೆಲ್ಲಗೆ ಇಳಿಸಿತು. ವಾಸಪ್ಪಯ್ಯ ದೊರೆಯ ಕಾಲು ಹಿಡಿದ.

"ಆಗದು," ಎಂದ ದೊರೆ.

"ಹಾಗಾದರೆ ತಮಗಿಂತ ಮೇಲಿನವರು ಯಾರು ಪ್ರಭು? ನಾನು ಯಾರನ್ನು ಕೇಳಲಿ?"

ಲಿಂಗರಸ ಆನೆಯತ್ತ ಕೈ ತೋರಿಸಿದ. "ದೊರೆಗಳು ಈಗ ತಾನೇ ಇವರಿಗೇ ಕೈಮುಗಿದರಲ್ಲ ಸ್ವಾಮಿ, ಇವರನ್ನೇ ಕೇಳಿ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ.