ಬೂದಿಯಲ್ಲಿಟ್ಟ ಹಿಪ್ಪೆ ಬೀಜ

“ಗುರುಗಳೇ, ಕೊಟ್ಟವರಿಗೆ ಕೈಮುಗಿಯುವುದು ಸರಿ. ನಮ್ಮದನ್ನು ಕಿತ್ತು ತಿಂದವರಿಗೂ ಕೈಮುಗಿಯಬೇಕೆ?” ಎಂದು ಶಿಷ್ಯ ಕೇಳಿದ. ಮಠದ ಸೀಬೆಹಣ್ಣನ್ನೆಲ್ಲ ಅಳಿಲುಗಳು ಮುಗಿಸಿದ್ದವು. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಗುರುಗಳು ನಕ್ಕು, ಕೂತುಕೋ ಎಂದು ಒಂದು ಕತೆ ಹೇಳತೊಡಗಿದರು.

ಕಾಡಂಚಿನಲ್ಲಿ ಒಬ್ಬ ರೈತನಿದ್ದ. ಅವನ ಹೊಲದಲ್ಲಿ ಒಂದು ಹಿಪ್ಪೆ ಮರ. ಆ ಸೀಮೆಗೆಲ್ಲ ಅದೊಂದೇ. ಹೂವು ಉದುರಿದರೆ ಕಡವೆ, ಕರಡಿ ಬರುತ್ತಿದ್ದವು, ಹಣ್ಣಾದರೆ ಬಾವಲಿಗಳು. ಅದರ ಬೀಜದ ಎಣ್ಣೆಯಿಂದಲೇ ಊರ ದೇವರ ದೀಪ ಉರಿಯಬೇಕೆಂಬುದು ತಾತನ ಕಾಲದ ನೇಮ. ಆ ನೇಮ ತನ್ನ ಕೈಯಲ್ಲಿ ತಪ್ಪಬಾರದು ಎಂಬುದೊಂದೇ ರೈತನ ಚಿಂತೆ. ಅದಕ್ಕೇ ಹಣ್ಣಿನ ಕಾಲ ಬಂತೆಂದರೆ ತಗಡು ಬಡಿದು ಬಾವಲಿಗಳನ್ನು ಓಡಿಸುತ್ತಿದ್ದ.

ಮರಕ್ಕೆ ವಯಸ್ಸಾಯಿತು, ಬುಡ ಟೊಳ್ಳಾಯಿತು. ಹೊಸ ಸಸಿ ಮಾಡಬೇಕೆಂದು ರೈತ ಒಳ್ಳೊಳ್ಳೆಯ ಬೀಜ ಆರಿಸಿದ. ಅವರೆ, ತೊಗರಿ ಬೆಳೆದು ಪಳಗಿದ ಕೈ ಅಲ್ಲವೇ? ಹಾಗೆಯೇ ಬಿಸಿಲಿಗೆ ಒಣಗಿಸಿ, ಬೂದಿ ಬೆರೆಸಿ, ಗಡಿಗೆಯಲ್ಲಿಟ್ಟು ಮುಂದಿನ ಮುಂಗಾರಿಗೆ ಬಿತ್ತಿದ. ಒಂದೂ ಹುಟ್ಟಲಿಲ್ಲ. ಮರುವರ್ಷ ಇನ್ನೂ ಚೆನ್ನಾಗಿ ಒಣಗಿಸಿದ. ಆಗಲೂ ಇಲ್ಲ. ಒಣಗಿದರೆ ಹಿಪ್ಪೆ ಬೀಜ ಸತ್ತಂತೆ ಎಂಬುದು ಆ ಜಾಣನಿಗೆ ತಿಳಿಯದು. ಮೂರನೆಯ ವರ್ಷ ಬಿರುಗಾಳಿಗೆ ಮರವೇ ಉರುಳಿತು.

ರೈತ ಬಿದ್ದ ಮರದ ಮೇಲೆ ಕೂತು ಅತ್ತುಬಿಟ್ಟ. ಅಷ್ಟರಲ್ಲಿ ಅವನ ಹೆಂಡತಿ ಹೊಲದಾಚೆಯ ಹುಣಸೆಯಡಿಯಿಂದ ಕೂಗಿದಳು: “ಬನ್ನಿ ಇಲ್ಲಿ, ಎಷ್ಟೊಂದು ಹಿಪ್ಪೆ ಸಸಿ! ಇವು ಕಾಯಿ ಬಿಡೋವರೆಗೂ ದೀಪಕ್ಕೆ ಎಳ್ಳೆಣ್ಣೆ ಹಾಕೋಣ, ದೇವರೇನು ಮುನಿಯೋಲ್ಲ.”

ತಗಡಿನ ಸದ್ದಿಗೆ ಹೆದರಿದ ಬಾವಲಿಗಳು ಹಣ್ಣು ಕಚ್ಚಿಕೊಂಡು ಆ ಹುಣಸೆಗೆ ಹಾರಿ, ತಿರುಳು ತಿಂದು, ಹಸಿ ಬೀಜವನ್ನು ಮಳೆ ಬಿದ್ದ ನೆಲಕ್ಕೆ ಹಾಕಿದ್ದವು. ಬೂದಿಯಿಲ್ಲ, ಗಡಿಗೆಯಿಲ್ಲ, ಸಸಿಗಳು ಮೊಣಕಾಲೆತ್ತರಕ್ಕೆ ನಿಂತಿದ್ದವು. ರೈತ ಓಡಿಬಂದು ಒಂದೊಂದು ಸಸಿಯನ್ನೂ ಮುಟ್ಟಿ ನೋಡಿದ. ಕೊಂಬೆಗೆ ಜೋತುಬಿದ್ದಿದ್ದ ಬಾವಲಿಗಳತ್ತ ನೋಡಿ ಎರಡೂ ಕೈ ಜೋಡಿಸಿದ. ತಗಡನ್ನು ಕೋಳಿಗೂಡಿಗೆ ಹೊದಿಸಿದ.

ಕತೆ ಮುಗಿದರೂ ಶಿಷ್ಯ ಬಿಡಲಿಲ್ಲ. “ಬಾವಲಿಗಳೇನೂ ಅವನಿಗಾಗಿ ಬಿತ್ತಲಿಲ್ಲವಲ್ಲ ಗುರುಗಳೇ, ತಮ್ಮ ಹೊಟ್ಟೆಗೆ ತಿಂದವು!”

ಗುರುಗಳು ಮೆಲ್ಲನೆ ಹೇಳಿದರು: “ಈಗಷ್ಟೇ ನೀನು ಉಂಡ ಮುದ್ದೆಯ ರಾಗಿಯನ್ನೂ ನಿನ್ನ ಹೆಸರು ಹೇಳಿ ಯಾರೂ ಬಿತ್ತಿರಲಿಲ್ಲ, ಮಗು.”