ಹೊಗೆ ಏಳುತ್ತಿದ್ದ ಖಾಲಿ ಮನೆ

ಶಿಷ್ಯ ಕೇಳಿದ: "ಗುರುಗಳೇ, ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜಾತಿ ನೋಡಬಾರದು ಎಂದು ಕಾನೂನು ಮಾಡುತ್ತಾರೆ. ಕೊಡುವವನ ಮನಸ್ಸೇ ಬದಲಾಗದಿದ್ದರೆ ಕಾನೂನಿನಿಂದ ಏನು ಪ್ರಯೋಜನ? ಮೊದಲು ಮನಸ್ಸು ಬದಲಾಗಬೇಕಲ್ಲವೆ?"

ಗುರುಗಳು ಹೇಳಿದರು: "ಭೇಷ್! ಮಳೆಯಲ್ಲಿ ನೆನೆಯುತ್ತ ನಿಂತವನು ಈ ಪ್ರಶ್ನೆ ಕೇಳುವುದಿಲ್ಲ. ಸೂರಿನ ಕೆಳಗೆ ಕಾಲು ಚಾಚಿ ಕೂತವನಿಗೇ ಇಂಥವು ಹೊಳೆಯುವುದು. ಕಾಲು ಮಡಚಿಕೊಂಡು ಕೂರು. ಒಂದು ಕತೆ ಹೇಳುತ್ತೇನೆ."

ಕತೆ ಇದು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನದೊಂದು ವಠಾರವಿತ್ತು. ನಡುವೆ ಬಾವಿ, ಸುತ್ತ ಬಾಡಿಗೆ ಮನೆಗಳು. ಆ ಊರಿನಲ್ಲಿ ಮನೆ ಖಾಲಿ ಇದೆಯೇ ಎಂದು ಯಾರನ್ನೂ ವಿಚಾರಿಸಬೇಕಾಗಿರಲಿಲ್ಲ. ಬೆಳಿಗ್ಗೆ ಹೆಂಚಿನ ಸಂದಿಯಿಂದ ಹೊಗೆ ಎದ್ದರೆ ಒಳಗೆ ಸಂಸಾರವಿದೆ ಎಂದು ಅರ್ಥ. ಹೊಗೆ ಏಳದಿದ್ದರೆ ಮನೆ ಖಾಲಿ, ಹೋಗಿ ಕೇಳಬಹುದು. ಇದು ಅಲ್ಲಿಯ ಪದ್ಧತಿ.

ಆ ನಾಡಿನ ರಾಣಿ ಒಂದು ಕಾನೂನು ತಂದಳು. ಬಾಡಿಗೆಗೆ ಇಟ್ಟ ಮನೆಯನ್ನು ಯಾರು ಕೇಳಿ ಬಂದರೂ ಅವರ ಹುಟ್ಟು ನೋಡಿ ಇಲ್ಲ ಎನ್ನಬಾರದು. ಹಾಗೆ ಅಂದದ್ದು ಗೊತ್ತಾದರೆ ಆ ಮನೆಯ ಬೀಗದ ಕೈಯನ್ನು ಅವರಿಗೇ ಕೊಡಬೇಕು. ಡಂಗುರ ಹೊಡೆದದ್ದನ್ನು ಎಲ್ಲರೂ ಕೇಳಿದರು. ವ್ಯಾಪಾರಿಯೂ ಕೇಳಿ ತಲೆಯಾಡಿಸಿದ.

ಊರಾಚೆ, ಹಳ್ಳದ ಆ ದಡದಲ್ಲಿ ಚಪ್ಪಲಿ ಹೊಲಿಯುವ ಹೆಂಗಸೊಬ್ಬಳಿದ್ದಳು. ಊರಿನವರೆಲ್ಲ ಮೆಟ್ಟುತ್ತಿದ್ದದ್ದು ಅವಳು ಹೊಲಿದದ್ದನ್ನೇ. ಹಿಂದಿನ ಮಳೆಗಾಲದಲ್ಲಿ ಅವಳ ಹಿರಿಮಗಳಿಗೆ ಹೆರಿಗೆ ಬೇನೆ ಬಂದಾಗ ಹಳ್ಳ ತುಂಬಿ ಹರಿಯುತ್ತಿತ್ತು. ಸೂಲಗಿತ್ತಿ ಊರ ಕಡೆಯ ದಡದಲ್ಲೇ ನಿಂತುಬಿಟ್ಟಳು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಈಗ ಕಿರಿಮಗಳು ತುಂಬಿದ ಬಸುರಿ. ಮಳೆ ಹಿಡಿಯುವುದರೊಳಗೆ ಊರೊಳಗೊಂದು ಮನೆ ಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ವಠಾರದ ಒಂದು ಮನೆಯಲ್ಲಿ ಹೊಗೆ ಇಲ್ಲದ್ದನ್ನು ನೋಡಿ ಅವಳು ವ್ಯಾಪಾರಿಯ ಬಳಿಗೆ ಹೋದಳು.

ವ್ಯಾಪಾರಿ ಅವಳ ಜಾತಿ ಕೇಳಲಿಲ್ಲ. ಕಾನೂನು ಗೊತ್ತಿದ್ದವನು, ಕೇಳುತ್ತಾನೆಯೇ? "ಮನೆಯಲ್ಲಿ ಏನೇನು ಬೇಯಿಸುತ್ತೀರಿ?" ಎಂದು ಕೇಳಿದ.

"ಇದ್ದದ್ದು ಬೇಯಿಸುತ್ತೀವಿ ಸಾಹುಕಾರ್ರೇ."

"ಅಯ್ಯೋ, ಒಂದು ದಿನ ಮುಂಚೆ ಬರಬಾರದಿತ್ತೇನಮ್ಮ! ನಿನ್ನೆ ತಾನೇ ಆ ಮನೆ ಹೋಯಿತಲ್ಲ."

ಅವಳು ಹೆಂಚಿನ ಕಡೆ ನೋಡಿದಳು. ವ್ಯಾಪಾರಿಯೂ ನೋಡಿದ. ಹೊಗೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಲ್ಲಿ ಹೊಗೆ ಎದ್ದಿತು. ಹೇಗೆ ಅಂತೀಯ? ವ್ಯಾಪಾರಿ ತನ್ನ ಹೆಂಡತಿಯನ್ನೇ ಅಲ್ಲಿಗೆ ಕಳಿಸಿದ್ದ. ಪಾಪ, ಆಕೆ ತನ್ನ ಮನೆಯ ಒಲೆ ಹಚ್ಚಿ, ಅಡುಗೆ ಇಳಿಸಿ, ಆಮೇಲೆ ಖಾಲಿ ಮನೆಗೆ ಹೋಗಿ ಹಸಿ ಸೌದೆ ಒಟ್ಟಿ ಊದುತ್ತಿದ್ದಳು. ಬೇಯಿಸಲು ಏನೂ ಇಲ್ಲ, ಉಣ್ಣಲು ಯಾರೂ ಇಲ್ಲ. ಬರೀ ಹೊಗೆ. ನಗಬೇಡ. ಬೇರೆಯವರು ಒಳಗೆ ಬರದಿರಲಿ ಎಂದು ಮನುಷ್ಯ ಎಷ್ಟು ಕಷ್ಟಪಡುತ್ತಾನೆ ಅಂತ ನಿನಗೆ ಗೊತ್ತಿಲ್ಲ.

ಹೆಂಗಸು ದಿನಾ ಹಳ್ಳ ದಾಟಿ ಬಂದು ಎದುರಿನ ಕಟ್ಟೆಯ ಮೇಲೆ ಕೂತು ನೋಡಿದಳು. ಹೊಗೆ ಏಳುತ್ತಿತ್ತು. ಬಾಗಿಲಲ್ಲಿ ರಂಗೋಲಿ ಇಲ್ಲ, ಹಗ್ಗದ ಮೇಲೆ ಒಂದು ಒದ್ದೆ ಬಟ್ಟೆ ಇಲ್ಲ, ಬಾವಿಗೆ ಬರುವ ಹೊಸ ಕೊಡ ಇಲ್ಲ. ಅವಳಿಗೆ ಎಲ್ಲ ತಿಳಿಯಿತು.

ನೆಂಟರು ಬುದ್ಧಿ ಹೇಳಿದರು: "ಬೇರೆ ಊರಿನವಳು, ಬೇರೆ ಜನ ಅಂತ ಹೇಳಿಕೊಂಡು ಇನ್ನೊಂದು ಬೀದಿಯಲ್ಲಿ ಕೇಳು. ಯಾರಿಗೆ ಗೊತ್ತಾಗುತ್ತೆ? ಈಗ ಹೆರಿಗೆಯಾದರೆ ಸಾಕು."

"ಹುಟ್ಟೋ ಕೂಸಿಗೂ ಆ ಸುಳ್ಳನ್ನೇ ಕಲಿಸಲಾ?" ಎಂದಳು. ಎಂಥ ಮಾತು ನೋಡು! ಆಕಾಶದಲ್ಲಿ ಮೋಡ ಕಟ್ಟಿದೆ, ಮಗಳು ದಿನ ಎಣಿಸುತ್ತಿದ್ದಾಳೆ, ಆದರೂ ಬಾಯಲ್ಲಿ ಆ ಮಾತು. ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ.

ಅವಳು ನೇರ ರಾಣಿಯ ಅಧಿಕಾರಿಯ ಬಳಿ ಹೋದಳು. ಅಧಿಕಾರಿ ವಠಾರಕ್ಕೆ ಬಂದ. ವ್ಯಾಪಾರಿ ಕೈಯೆತ್ತಿ ಹೊಗೆ ತೋರಿಸಿದ. "ನೋಡಿ ಸ್ವಾಮಿ, ಬಾಡಿಗೆಯವರು ಅಡುಗೆ ಮಾಡುತ್ತಿದ್ದಾರೆ."

"ಒಳ್ಳೆಯದು. ಅವರನ್ನು ಕರೆ" ಎಂದ ಅಧಿಕಾರಿ.

ಕರೆಯುವ ಮೊದಲೇ ವ್ಯಾಪಾರಿಯ ಹೆಂಡತಿ ಕೆಮ್ಮುತ್ತ ಹೊರಗೆ ಬಂದಳು. ಕಣ್ಣು ಕೆಂಡವಾಗಿತ್ತು. "ಇಲ್ಲಿ ಯಾರೂ ಇಲ್ಲ ಸ್ವಾಮಿ. ಉಣ್ಣೋರಿಲ್ಲದ ಮನೆಯಲ್ಲಿ ಒಲೆ ಊದಿ ಊದಿ ನನ್ನ ಕಣ್ಣು ಹೋಯಿತು. ಆಯಮ್ಮನಿಗೆ ಬೀಗದ ಕೈ ಕೊಡಿಸಿ ಪುಣ್ಯ ಕಟ್ಟಿಕೊಳ್ಳಿ" ಎಂದಳು. ವಠಾರವೆಲ್ಲ ಗೊಳ್ಳೆಂದಿತು.

ವ್ಯಾಪಾರಿ ಬೀಗದ ಕೈ ತಂದ. ತಂದವನು ಅದನ್ನು ಹೆಂಗಸಿನ ಕೈಗೆ ಕೊಡದೆ ಜಗಲಿಯ ಅಂಚಿನಲ್ಲಿಟ್ಟು ದೂರ ಸರಿದ.

ಅವಳು ಬಗ್ಗಲಿಲ್ಲ. ಕೈ ಚಾಚಿ ನಿಂತಳು. "ಈ ವಠಾರದಲ್ಲಿ ಉಳಿದವರಿಗೆ ಹೇಗೆ ಕೊಟ್ಟಿರಿ ಸಾಹುಕಾರ್ರೇ? ನನಗೂ ಹಾಗೇ ಕೊಡಿ."

ವ್ಯಾಪಾರಿ ಇನ್ನೊಂದು ಹೆಜ್ಜೆ ಹಿಂದೆ ಸರಿದ. ಅವಳ ಕೈ ಮಾತ್ರ ಕೆಳಗಿಳಿಯಲಿಲ್ಲ. ಮನೆ ಸಿಕ್ಕಾಗಿದೆ, ಬಗ್ಗಿ ತೆಗೆದುಕೊಂಡರೆ ಮುಗಿಯಿತು ಎಂದು ನೀನಾದರೆ ಅನ್ನುತ್ತಿದ್ದೆ. ಅವಳು ಅನ್ನಲಿಲ್ಲ. ಅಧಿಕಾರಿ ವ್ಯಾಪಾರಿಯನ್ನು ನೋಡಿ, "ಕೈಗೆ ಕೊಡು" ಎಂದ. ವ್ಯಾಪಾರಿ ಜಗಲಿಯಿಂದ ಬೀಗದ ಕೈ ಎತ್ತಿ ಅವಳ ಅಂಗೈಯಲ್ಲಿಟ್ಟ. ಆಮೇಲೆ ಮನೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡನಂತೆ. ಸುರಿದುಕೊಳ್ಳಲಿ ಬಿಡು, ಅವನ ನೀರು, ಅವನ ತಲೆ.

ಅವಳು ಆ ಮನೆಯಲ್ಲಿ ಹಾಲು ಉಕ್ಕಿಸಿದಳು. ಮಳೆ ಹಿಡಿಯಿತು. ಹಳ್ಳ ದಡ ಮೀರಿ ಹರಿಯಿತು. ಮಗಳಿಗೆ ಬೇನೆ ಬಂದಾಗ ಸೂಲಗಿತ್ತಿ ಬೀದಿ ದಾಟಿ ನಡೆದುಕೊಂಡೇ ಬಂದಳು. ತಾಯಿ ಮಗು ಇಬ್ಬರೂ ಉಳಿದರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಬಿಡಲಿಲ್ಲ. "ಆ ವ್ಯಾಪಾರಿ? ಆಮೇಲಾದರೂ ಅವನು ಬದಲಾದನೇ?"

"ಇಲ್ಲ. ಸಾಯುವ ತನಕ ಆ ಬಾಗಿಲ ಮುಂದೆ ಮುಖ ತಿರುಗಿಸಿಕೊಂಡೇ ಓಡಾಡಿದ."

"ಮತ್ತೆ ನಾನು ಹೇಳಿದ್ದೂ ಅದೇ ಅಲ್ಲವೇ ಗುರುಗಳೇ? ಅವನ ಮನಸ್ಸು ಬದಲಾಗಲೇ ಇಲ್ಲ!"

ಗುರುಗಳು ಎದ್ದು ನಿಂತು ಹೇಳಿದರು: "ಅದು ಬದಲಾಗುವ ತನಕ ನನ್ನ ಅವ್ವನ ಹೆರಿಗೆ ಬೇನೆ ಕಾಯುತ್ತಿರಲಿಲ್ಲ ಕಣಯ್ಯಾ."