ನಲ್ಲಿ ಕೆಳಗಿನ ನ್ಯಾಯ

ಕಿವಿ ಡಾಕ್ಟ್ರ ಕ್ಲಿನಿಕ್ಕಿನ ಹಿತ್ತಲಲ್ಲಿ, ಸೋರೋ ನಲ್ಲಿ ಕೆಳಗೆ ಒಬ್ಬರು ಕೂರೋವಷ್ಟೇ ತಂಪು ಜಾಗ. ಬೇಸಿಗೇಲಿ ಅದಿಲ್ಲದಿದ್ರೆ ಮೈ ಒಣಗಿ ಸಾಯಬೇಕು. ಅದು ನಂದು ಅಂತ ಕಪ್ಪೆಮ್ಮ, ನಂದು ಅಂತ ಏಡಿಯಪ್ಪ, ದಿನಾ ಜಗಳ.

ಗೋಡೆ ಮೇಲಿನ ಹಲ್ಲಿ ಒಳಗಿನ ಸುದ್ದಿ ತಂದಿತು. "ಮನುಷ್ಯರ ಕಿವಿಯೊಳಗೆ ಕೇಳಿಸ್ಕೊಳ್ಳೋ ಭಾಗಕ್ಕೆ ಕಾಕ್ಲಿಯ ಅಂತಾರಂತೆ. ಹಳೇ ಲ್ಯಾಟಿನ್ ಮಾತಲ್ಲಿ ಹಂಗಂದ್ರೆ ಬಸವನಹುಳು."

ಕೇಳೋದಕ್ಕೇ ಹೆಸರಾದೋನು ಪಕ್ಕದಲ್ಲೇ ಇರೋವಾಗ ಇನ್ನೆಲ್ಲಿ ನ್ಯಾಯ ಕೇಳೋದು ಅಂತ ಕಪ್ಪೆಮ್ಮ ಬಸವನಹುಳುವನ್ನ ಕರೆಸಿ ಕೂರಿಸಿದಳು.

"ಸ್ವಾಮಿ, ಈ ಅಡ್ಡನಡಿಗೆಯೋನು ಮೊನ್ನೆ ಬಂದೋನು. ನಾನು ಬಾಲ ಇದ್ದಾಗಿಂದ ಇಲ್ಲೇ ಇದೀನಿ."

"ಬಾಯಿ ಅಗಲ ಇದ್ರೆ ಜಾಗ ನಿಂದಾಗುತ್ತೇನೇ?" ಅಂದ ಏಡಿಯಪ್ಪ.

ಬಸವನಹುಳು ಕೊಂಬಾಡಿಸ್ತಾ ಸುಮ್ಮನಿತ್ತು. ಎಂಥ ಗಾಂಭೀರ್ಯ ಅಂತ ಕಪ್ಪೆಮ್ಮ ಇನ್ನೂ ಜೋರಾಗಿ ಹೇಳ್ಕೊಂಡಳು. ಇಬ್ಬರೂ ಬಾಯಿ ಬಡ್ಕೊಳ್ತಿರೋವಾಗ ಅದು ತೇವದ ವಾಸನೆ ಹಿಡಿದು ಮೆಲ್ಲಗೆ ಹರಿದು ಹೋಗಿ ನಲ್ಲಿ ಕೆಳಗೆ ಅಂಟಿಕೊಂಡುಬಿಡ್ತು.

ಹಲ್ಲಿ ಲೊಚಗುಟ್ಟಿತು. "ಕಿವಿಯ ಆ ಭಾಗ ಇದರ ಚಿಪ್ಪಿನ ಹಂಗೆ ಸುರುಳಿ ಸುತ್ಕೊಂಡಿದೆ ಅಂತ ಇಟ್ಟ ಹೆಸರು ಕಣಮ್ಮಾ ಅದು. ಆ ಹುಳಕ್ಕೆ ಕಿವಿಯೇ ಇಲ್ಲ."

"ಇಲ್ದಿದ್ರೆ ಬಿಡು," ಅಂದಳು ಕಪ್ಪೆಮ್ಮ, ಬಿಸಿಲಲ್ಲಿ ಬೆನ್ನು ಒಣಗಿಸ್ಕೊಳ್ತಾ. "ನಡುವೆ ಬಾಯಿ ಹಾಕದೆ ನನ್ನ ಮಾತು ಪೂರ್ತಿ ಕೇಳಿದೋನು ಈ ಹಿತ್ತಲಲ್ಲಿ ಅವನೊಬ್ಬನೇ."